ಎದುರಿನವರ ಮನಸ್ಸು ತಿಳಿಯದಾದಾಗ: ಸೈಕೋಸಿಸ್‌ನ ಆರಂಭದಲ್ಲಿ ಮನೆಯವರು ಮಾಡಬಹುದಾದ್ದು

ನಿಜ ಯಾವುದು, ಭ್ರಮೆ ಯಾವುದು ಎಂದು ತಿಳಿಯದಾಗುವ ಕಾಯಿಲೆಯೇ ಸೈಕೋಸಿಸ್. ಅದರಲ್ಲಿ ಕಿವಿಯಲ್ಲಿ ಕೇಳುವ ದನಿ, ಯಾರೋ ಬೆನ್ನು ಹತ್ತಿದ್ದಾರೆಂಬ ಸಂಶಯ ಇವೆಲ್ಲ ಮಾತ್ರೆ ಶುರುವಾದ ಕೆಲವು ವಾರಗಳಲ್ಲಿ ಹೆಚ್ಚಿನವರಿಗೆ ತಗ್ಗುತ್ತವೆ. ಗುಣ ಆಯಿತು ಎಂದು ಮನೆಯವರು ಅಂದುಕೊಳ್ಳುತ್ತಾರೆ. ಆದರೂ ಹುಡುಗ ಕಾಲೇಜಿಗೆ ಹೊರಡುವುದಿಲ್ಲ, ಮದುವೆಮನೆಗೆ ಬರುವುದಿಲ್ಲ, ಅಂಗಡಿಗೆ ಹೋದರೆ ಮುಖ ಬಾಡಿಸಿಕೊಂಡು ಬರುತ್ತಾನೆ. ಎದುರಿನವರ ಮುಖ, ದನಿ, ಸೂಚನೆ, ಉದ್ದೇಶ ತಿಳಿಯುವ ಶಕ್ತಿ ಕುಂದಿರುವುದು ಇದಕ್ಕೆ ಒಂದು ದೊಡ್ಡ ಕಾರಣ. ವೈದ್ಯರು ಸೋಶಿಯಲ್ ಕಾಗ್ನಿಷನ್ ಎನ್ನುವುದು ಈ ಶಕ್ತಿಗೇ. ಕಾಯಿಲೆ ಪೂರ್ತಿ ಹೊರಬೀಳುವ ಮೊದಲು, ಅಪಾಯದ ಅಂಚಿನಲ್ಲಿರುವ ಹದಿಹರೆಯದವರಲ್ಲೂ ಇದು ಸ್ವಲ್ಪ ಮಟ್ಟಿಗೆ ಕಾಣುವುದುಂಟು. ಮಾತ್ರೆ ಒಂದರಿಂದಲೇ ಇದು ಸರಿಯಾಗುವುದು ಕಡಿಮೆ. ಹಾಗೆಂದು ಮಾತ್ರೆ ಬಿಟ್ಟರೆ ಅಭ್ಯಾಸಕ್ಕೆ ಕೂರುವಷ್ಟು ಸಮಾಧಾನವೂ ಉಳಿಯದು.

ಮೊದಲು ಭಾಷೆಯ ಗೊಂದಲ ಬೇರೆ ಮಾಡಿ

ಕಾಸರಗೋಡಿನಲ್ಲಿ ಇದು ಮೊದಲ ಕೆಲಸ. ಮನೆಯಲ್ಲಿ ತುಳುವೋ ಹವ್ಯಕವೋ, ಶಾಲೆಯಲ್ಲಿ ಕನ್ನಡ, ಕಾಲೇಜಿಗೆ ಹೋದ ಮೇಲೆ ಸುತ್ತಲೂ ಮಲಯಾಳ. ಮಲಯಾಳದ ತಮಾಷೆಗೆ ನಗದವನನ್ನು ಕಾಯಿಲೆಯವನೆಂದು ಎಣಿಸಬೇಡಿ. ನೋಡಬೇಕಾದ್ದು ಎರಡು: ಮನೆಮಾತಿನಲ್ಲೂ ಸೂಚನೆ ತಪ್ಪುತ್ತಿದೆಯೇ, ಹಿಂದೆ ತಿಳಿಯುತ್ತಿದ್ದದ್ದು ಈಗ ತಿಳಿಯುತ್ತಿಲ್ಲವೇ. ಎರಡಕ್ಕೂ ಹೌದು ಎಂದಾದರೆ ಗಮನ ಕೊಡಿ. ಆಸ್ಪತ್ರೆಯಲ್ಲಿ ಈ ಶಕ್ತಿಯನ್ನು ಪುಟ್ಟ ಕಥೆಗಳಿಂದ ಅಳೆಯುವವರಿಗೆ ಮನೆಮಾತು ಯಾವುದೆಂದು ಮೊದಲೇ ಹೇಳಿ. ಹೊರದೇಶದ ಕಥೆಗಳನ್ನಿಟ್ಟು ನಮ್ಮವರನ್ನು ಅಳೆದರೆ ತಪ್ಪು ಉತ್ತರ ಬರುತ್ತದೆಂದೇ ನಿಮ್ಹಾನ್ಸ್‌ನ ತಜ್ಞರು ಭಾರತದ ಸಂದರ್ಭಕ್ಕೆ ಹೊಂದಿಸಿದ ‘ಸೊಕ್ರಾಟಿಸ್’ ಎಂಬ ಪರೀಕ್ಷೆಗಳನ್ನು 2011ರಲ್ಲಿ ಪ್ರಕಟಿಸಿದರು.

ಎರಡು ವಾರ ಬರೆದಿಡಿ

ಒಂದು ನೋಟುಪುಸ್ತಕದಲ್ಲಿ ಮೂರು ಕಾಲಂ ಎಳೆಯಿರಿ: ನಡೆದದ್ದು ಏನು, ಅವನು ತಿಳಿದದ್ದು ಏನು, ಆಮೇಲೆ ಏನಾಯಿತು. ‘ಪಕ್ಕದ ಮನೆಯ ಅಕ್ಕ ಬಟ್ಟೆ ಒಣಹಾಕುತ್ತಾ ನೋಡಿದರು, ನನ್ನ ಮೇಲೆ ಕಣ್ಣಿಟ್ಟಿದ್ದಾರೆ ಎಂದ, ಎರಡು ದಿನ ಅಂಗಳಕ್ಕೆ ಇಳಿಯಲಿಲ್ಲ.’ ಇಷ್ಟು ಸಾಕು. ‘ತುಂಬ ವಿಚಿತ್ರವಾಗಿ ಆಡುತ್ತಾನೆ’ ಎಂದು ಬರೆದರೆ ವೈದ್ಯರಿಗೆ ಅದರಿಂದ ಏನೂ ಸಿಗದು. ನಿದ್ದೆಯ ಗಂಟೆಗಳನ್ನೂ ಬರೆಯಿರಿ. ಗಾಂಜಾ ಸೇದುವುದು ಗೊತ್ತಿದ್ದರೆ ಮುಚ್ಚಿಡಬೇಡಿ, ಅದು ಸೈಕೋಸಿಸ್‌ನ ಅಪಾಯವನ್ನು ಹೆಚ್ಚಿಸುತ್ತದೆ. ಪುಸ್ತಕವನ್ನು ಕದ್ದುಮುಚ್ಚಿ ಬರೆಯಬೇಡಿ. ಸಂಶಯ ಇರುವವನ ಕೈಗೆ ಅದು ಸಿಕ್ಕಿದರೆ ನಂಬಿಕೆ ಹೋಯಿತು.

ದನಿ ಕೇಳುವುದು, ಕೆಲವು ರಾತ್ರಿ ಸತತವಾಗಿ ನಿದ್ದೆ ಇಲ್ಲದಿರುವುದು, ಊಟದಲ್ಲಿ ವಿಷ ಇದೆಯೆನ್ನುವುದು, ಸಾಯುವ ಮಾತು, ಕೈ ಮಾಡಲು ಬರುವುದು ಇದ್ದರೆ ಎರಡು ವಾರ ಕಾಯುವ ಮಾತೇ ಇಲ್ಲ, ಅಂದೇ ಆಸ್ಪತ್ರೆಗೆ ಹೋಗಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೂ ಮಲಯಾಳದಲ್ಲೂ ಮಾತಾಡಬಹುದು. ಜಿಲ್ಲಾ ಮಾನಸಿಕ ಆರೋಗ್ಯ ಯೋಜನೆಯ ಕ್ಲಿನಿಕ್ ನಿಮ್ಮ ಕಡೆ ಯಾವ ದಿನ ಎಂಬುದನ್ನು ಆಶಾ ಕಾರ್ಯಕರ್ತೆಯಲ್ಲಿ ಕೇಳಿ. ಮಂಗಳೂರಿಗೆ ಹೋಗುವವರು ಈಚೆ ಕಡೆಯ ಒಬ್ಬ ವೈದ್ಯರಲ್ಲೂ ದಾಖಲೆ ಇಟ್ಟಿರಿ, ಚೀಟಿಯ ಫೋಟೊ ಮೊಬೈಲಿನಲ್ಲಿರಲಿ. 2020ರ ಮಾರ್ಚ್‌ನಲ್ಲಿ ಕೊರೊನಾದಿಂದಾಗಿ ತಲಪಾಡಿ ಗಡಿ ಮುಚ್ಚಿ ಮಂಗಳೂರಿನ ಆಸ್ಪತ್ರೆಗಳಿಗೆ ಹೋಗಲಾಗದೆ ಹೋದದ್ದನ್ನು ಇಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ದೈವದ ಹತ್ತಿರ ಕೇಳಿಸುವುದಿದ್ದರೆ ಕೇಳಿಸಿ, ವೈದ್ಯರ ದಿನ ಮಾತ್ರ ತಪ್ಪಿಸಬೇಡಿ. ಚಿಕಿತ್ಸೆ ಇಲ್ಲದೆ ಕಳೆದ ತಿಂಗಳುಗಳು ಹೆಚ್ಚಿದಷ್ಟೂ ಚೇತರಿಕೆ ಕಷ್ಟ.

ಅಪಾಯದ ಅಂಚಿನಲ್ಲಿದ್ದಾನೆ ಎಂದು ವೈದ್ಯರು ಹೇಳಿದರೆ ಅದು ತೀರ್ಪಲ್ಲ. ಅಂಥವರಲ್ಲಿ ಹೆಚ್ಚಿನವರಿಗೆ ಮುಂದೆ ಸೈಕೋಸಿಸ್ ಬರುವುದಿಲ್ಲ. ಅವರಿಗೆ ಮೊದಲು ಬೇಕಾದ್ದು ಮಾತಿನ ಚಿಕಿತ್ಸೆ ಮತ್ತು ಕ್ರಮ ತಪ್ಪದ ತಪಾಸಣೆ. ಬೇರೆಯವರ ಮಾತ್ರೆಯನ್ನು ತಂದು ಕೊಡಬೇಡಿ.

ಮನೆಯಲ್ಲಿ ಮಾತಾಡುವ ಕ್ರಮ

ನಮ್ಮ ಮನೆಗಳಲ್ಲಿ ಅರ್ಧ ಕೆಲಸ ಸೂಚನೆಯಲ್ಲೇ ನಡೆಯುತ್ತದೆ. “ಅಕ್ಕಿ ಮುಗಿಯಿತಲ್ಲಾ” ಎಂದು ಅಮ್ಮ ಹೇಳಿದರೆ ತರಬೇಕು ಎಂದೇ ಅರ್ಥ. ಅವನು “ಹೌದಾ” ಎಂದು ಕೂತಲ್ಲೇ ಕೂರುತ್ತಾನೆ. ಇದು ಉದಾಸೀನವಲ್ಲ. ಸೂಚನೆ ಹಿಡಿಯುವ ಶಕ್ತಿಯನ್ನು ಅಳೆಯಲೆಂದೇ ಇಂಥ ಪುಟ್ಟ ಸಂಭಾಷಣೆಗಳ ಪರೀಕ್ಷೆಯೊಂದು 1995ರಿಂದ ಬಳಕೆಯಲ್ಲಿದೆ. ಮನೆಯಲ್ಲಿ ನೇರವಾಗಿ ಹೇಳಿ: “ಐದು ಗಂಟೆಯ ಮೊದಲು ರೇಷನ್ ಅಂಗಡಿಗೆ ಹೋಗಿ ಅಕ್ಕಿ ತಾ ಮಗಾ.” ಒಂದು ಸಲಕ್ಕೆ ಒಂದೇ ಕೆಲಸ. ಹೇಳಿದ ಮೇಲೆ ಮನಸ್ಸಿನಲ್ಲಿ ಹತ್ತು ಎಣಿಸುವಷ್ಟು ಹೊತ್ತು ಸುಮ್ಮನಿರಿ, ಉತ್ತರ ನಿಧಾನವಾಗಿ ಬರುತ್ತದೆ. ವ್ಯಂಗ್ಯ, ಚುಚ್ಚುಮಾತು ಬೇಡವೇ ಬೇಡ.

ಕಂಡದ್ದು ಬೇರೆ, ಊಹಿಸಿದ್ದು ಬೇರೆ

ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಬೇಕಾದ ಅಭ್ಯಾಸ ಇದು. ಸೈಕೋಸಿಸ್‌ನಲ್ಲಿ ಎರಡು ಒಲವುಗಳು ಒಟ್ಟಿಗೆ ಕೆಲಸ ಮಾಡುತ್ತವೆ: ತನಗಾದ ಕೆಟ್ಟದ್ದಕ್ಕೆ ಎದುರಿನವರ ದುರುದ್ದೇಶವೇ ಕಾರಣವೆಂದು ಎಣಿಸುವುದು, ಸಾಕಷ್ಟು ಪುರಾವೆ ಸಿಗುವ ಮೊದಲೇ ತೀರ್ಮಾನಕ್ಕೆ ಬರುವುದು. ಈ ಎರಡನೆಯ ಒಲವನ್ನು ತೋರಿಸುವ ಮಣಿಗಳ ಪ್ರಯೋಗವೊಂದಿದೆ, ಅದರಲ್ಲಿ ಎರಡು ಜಾಡಿಗಳಿರುತ್ತವೆ. ಒಂದರಲ್ಲಿ ಒಂದು ಬಣ್ಣದ ಮಣಿ 85, ಇನ್ನೊಂದು ಬಣ್ಣದ್ದು 15. ಮತ್ತೊಂದರಲ್ಲಿ ಇದರ ತಿರುವುಮುರುವು. ಒಂದೊಂದೇ ಮಣಿ ತೋರಿಸುತ್ತಾ ಇದು ಯಾವ ಜಾಡಿಯದ್ದೆಂದು ಕೇಳಿದರೆ, ಭ್ರಮೆಯಿರುವ ಅನೇಕರು ಒಂದೋ ಎರಡೋ ಮಣಿಗೇ ಹೇಳಿಬಿಡುತ್ತಾರೆ.

ಮಗ ಬಂದು “ಮಾಷ್ಟ್ರು ನನ್ನನ್ನು ಕಂಡೂ ಮಾತಾಡಲಿಲ್ಲ, ಅವರಿಗೆ ನನ್ನ ಮೇಲೆ ಕೋಪ” ಎಂದರೆ “ಹಾಗೆಲ್ಲ ಏನೂ ಇಲ್ಲ” ಎನ್ನಬೇಡಿ. ಮೊದಲು “ಬೇಜಾರಾಯಿತಾ?” ಎಂದು ಕೇಳಿ. ಮನಸ್ಸು ತಣ್ಣಗಾದ ಮೇಲೆ, ಬೇಕಾದರೆ ಮರುದಿನ, ಕಾಗದ ತೆಗೆಯಿರಿ.

“ಅವರು ಎಂತ ಮಾಡಿದ್ರು? ಕಂಡದ್ದು ಮಾತ್ರ ಹೇಳು.”
“ಸ್ಕೂಟರಿನಲ್ಲಿ ಹೋದ್ರು.”
“ಕೋಪ ಅಂತ ನೀನು ಎಣಿಸಿದ್ದು. ಬೇರೆ ಎಂತ ಇರಬಹುದು?”

ಕನಿಷ್ಠ ಮೂರು ಸಾಧ್ಯತೆ ಬರೆಸಿ: ಹೆಲ್ಮೆಟ್ ಇತ್ತು, ಗಡಿಬಿಡಿ ಇತ್ತು, ನಿಜವಾಗಿ ಕೋಪವೂ ಇರಬಹುದು. ಈ ಮೂರನೆಯದನ್ನು ಬಿಡಬೇಡಿ, ಬಿಟ್ಟರೆ ನೀವು ಅವನನ್ನು ಸೋಲಿಸಲು ಕೂತಂತಾಗುತ್ತದೆ. ಒಂದೊಂದಕ್ಕೂ ಹತ್ತರಲ್ಲಿ ಎಷ್ಟು ಅಂಕ ಎಂದು ಅವನೇ ಹಾಕಲಿ. ಕೊನೆಗೆ, ಯಾವುದು ಸರಿಯೆಂದು ತಿಳಿಯಲು ಇನ್ನೊಂದು ಯಾವ ಸಂಗತಿ ಗೊತ್ತಾಗಬೇಕು ಎಂದು ಕೇಳಿ. ಹತ್ತು ನಿಮಿಷ, ವಾರಕ್ಕೆ ಮೂರು ಸಲ ಸಾಕು.

ಈ ಅಭ್ಯಾಸ ಕೆಡುವುದು ಮನೆಯವರು ವಕೀಲರಾದಾಗ. ಆದ್ದರಿಂದ ಮೊದಲ ಕೆಲವು ಸಲ ನಿಮ್ಮದೇ ಸಂಗತಿ ಇಡಿ: “ಮಾವ ಫೋನ್ ಎತ್ತಲಿಲ್ಲ, ನಾನು ಹೀಗೆ ಎಣಿಸಿದೆ.” ಹತ್ತಕ್ಕೆ ಹತ್ತು ಕೊಟ್ಟು ಜಗ್ಗದೆ ನಿಂತ ನಂಬಿಕೆಯನ್ನು ಇದರಲ್ಲಿ ಕೆದಕಬೇಡಿ. ವಾದ ಅದನ್ನು ಗಟ್ಟಿ ಮಾಡುತ್ತದೆ, ಅದು ವೈದ್ಯರ ಮುಂದೆ ಹೇಳಬೇಕಾದ ವಿಷಯ.

ಮುಖ ಮತ್ತು ಹೊರಗಿನ ಓಡಾಟ

ನಗುಮುಖ ಸಾಮಾನ್ಯವಾಗಿ ತಿಳಿಯುತ್ತದೆ. ಭಯ, ಕೋಪ, ದುಃಖದಲ್ಲಿ ತಪ್ಪು ಹೆಚ್ಚು, ಏನೂ ಭಾವವಿಲ್ಲದ ಮುಖ ಸಿಟ್ಟಿನದಾಗಿ ಕಾಣುವುದೂ ಉಂಟು. ಮನೆಯ ಹಳೆಯ ಫೋಟೊಗಳಿಂದ ಶುರುಮಾಡಿ, ಹುಬ್ಬು, ಬಾಯಿ, ಹೆಗಲು ಹೇಗಿವೆ ಎಂದು ಅವನಿಂದಲೇ ಹೇಳಿಸಿ. ಆಮೇಲೆ ಟಿವಿಯ ಒಂದೆರಡು ನಿಮಿಷ ದನಿಯಿಲ್ಲದೆ, ಮತ್ತೆ ದನಿಯೊಂದಿಗೆ. ಟಿವಿ ತನ್ನ ಬಗ್ಗೆಯೇ ಹೇಳುತ್ತಿದೆ ಎನ್ನುವವರಿಗೆ ಇದು ಬೇಡ. ಯಕ್ಷಗಾನ ಎಷ್ಟೇ ಪ್ರೀತಿಯದಾದರೂ ಈ ಅಭ್ಯಾಸಕ್ಕೆ ಒದಗದು, ಬಸ್ಸಿನಲ್ಲಿ ಯಾರೂ ಅಷ್ಟು ದೊಡ್ಡದಾಗಿ ಹುಬ್ಬು ಏರಿಸುವುದಿಲ್ಲ.

ಮದುವೆಗೆ ಕರೆದೊಯ್ಯುವುದಾದರೆ ಒಂದು ಗಂಟೆ, ಗುರುತಿನವರ ಪಕ್ಕ, ಊಟ ಮುಗಿಸಿ ವಾಪಸ್. “ಈಗ ಎಂತ ಮಾಡ್ತಾ ಇದ್ದಿ?” ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ, ಉತ್ತರ ಮನೆಯಲ್ಲೇ ಸಿದ್ಧವಿರಲಿ. ವಾಟ್ಸಾಪ್‌ನಲ್ಲಿ ಮುಖವೂ ಇಲ್ಲ, ದನಿಯೂ ಇಲ್ಲ. ನೀಲಿ ಗೀಟು ಬಿದ್ದು ಉತ್ತರ ಬಾರದಿದ್ದರೆ ಸಂಶಯಕ್ಕೆ ಅಷ್ಟೇ ಸಾಕು. ಗೌಜಿಯ ಗ್ರೂಪುಗಳನ್ನು ಮ್ಯೂಟ್ ಮಾಡಿಸಿ.

ಆಸ್ಪತ್ರೆಯಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಅಥವಾ ಸೈಕಿಯಾಟ್ರಿಕ್ ಸೋಶಿಯಲ್ ವರ್ಕರ್ ಇದ್ದರೆ ಸೋಶಿಯಲ್ ಕಾಗ್ನಿಷನ್ ತರಬೇತಿ ಕೊಡುತ್ತಾರೆಯೇ ಎಂದು ಕೇಳಿ. ಅಮೆರಿಕದ ಡೇವಿಡ್ ಪೆನ್ ಮತ್ತು ಸಂಗಡಿಗರು ರೂಪಿಸಿದ ‘ಸ್ಕಿಟ್’ ಅಂಥದ್ದು, ವಾರಕ್ಕೊಂದರಂತೆ ಸುಮಾರು 20ರಿಂದ 24 ತರಗತಿ. ಹೋದಾಗ ಇನ್ನೊಂದು ವಿಷಯ ಹೇಳಲು ಮರೆಯಬೇಡಿ: ಕೆಲವು ಮಾತ್ರೆಗಳಿಂದ ಮುಖದ ಸ್ನಾಯು ಬಿಗಿಯಾಗಿ ಅವನ ಮುಖದಲ್ಲೇ ಭಾವ ಕಾಣದಂತಾಗುತ್ತದೆ. ಆಗ ತಪ್ಪು ತಿಳಿಯುವವರು ಎದುರಿನವರು. ಪ್ರಮಾಣ ಬದಲಿಸಿಯೋ ಮಾತ್ರೆ ಬದಲಿಸಿಯೋ ವೈದ್ಯರು ಇದನ್ನು ಸರಿಪಡಿಸಬಲ್ಲರು.