ಮುಂಬಾಗಿಲ ಬೀಗ ಹಾಗೇ ಇತ್ತು

ಒಂದು ಗೌರಿ ಹಬ್ಬಕ್ಕೆ ಮನೆ ಬೀಗ ಹಾಕಿ ತವರಿಗೆ ಹೋಗಿದ್ದೆವು. ನಾಲ್ಕನೇ ದಿನ ವಾಪಸ್ ಬಂದಾಗ ಮುಂಬಾಗಿಲ ದೊಡ್ಡ ಬೀಗ ಹಾಗೇ ಇತ್ತು. ಒಳಗೆ ಹೋದರೆ ಬೀರು ಬಾಯಿ ತೆರೆದು ನಿಂತಿತ್ತು. ದೇವರ ಮನೆಯ ಬೆಳ್ಳಿ ದೀಪಗಳಿಲ್ಲ. ಕಳ್ಳ ಹಿತ್ತಲ ಬಾಗಿಲು ಮೀಟಿದ್ದ. ಚಿಲಕ ಗಟ್ಟಿಯಾಗೇ ಇತ್ತು, ಆದರೆ ಅದು ಸಿಕ್ಕಿಕೊಳ್ಳುವ ಪಟ್ಟಿ ಅರ್ಧ ಇಂಚಿನ ಸ್ಕ್ರೂಗಳ ಸಮೇತ ಕಿತ್ತು ಬಂದಿತ್ತು. ಮೀಟಿದ ಹಾರೆಯೂ ನಮ್ಮದೇ, ತೆಂಗಿನ ಬುಡಕ್ಕೆ ಒರಗಿಸಿಟ್ಟಿದ್ದದ್ದು!

ಅವತ್ತಿನಿಂದ ನಾನು ಮೊದಲು ನೋಡೋದು ಸ್ಕ್ರೂ. ಬಡಗಿಯನ್ನು ಕರೆಸಿ, ಚಿಲಕದ ಪಟ್ಟಿಗೂ ಕೀಲುಗಳಿಗೂ ಚೌಕಟ್ಟಿನ ಮರದೊಳಗೆ ಆಳವಾಗಿ ಇಳಿಯುವ ಉದ್ದ ಸ್ಕ್ರೂ ಹಾಕಿಸಿ. ಖರ್ಚು ಏನೂ ಜಾಸ್ತಿ ಇಲ್ಲ. ಎಷ್ಟೋ ಮನೆಗಳಲ್ಲಿ ಮುಂದೆ ತೇಗದ ಬಾಗಿಲು, ಹಿಂದೆ ತೆಳ್ಳಗಿನ ಪ್ಲೈವುಡ್. ಕಳ್ಳನಿಗೆ ತೇಗ ನೋಡಿ ಏನಾಗಬೇಕು? ಹಿತ್ತಲಿಗೂ ಮಾಳಿಗೆ ಬಾಗಿಲಿಗೂ ಒಳಗಿನಿಂದ ಅಡ್ಡ ಕಬ್ಬಿಣದ ಪಟ್ಟಿ ಇರಲಿ. ಏಣಿ, ಹಾರೆ, ಗುದ್ದಲಿ ಮನೆಯೊಳಗಿರಲಿ.

ಮನೆ ಖಾಲಿ ಅಂತ ಸಾರಿ ಹೇಳೋದು ಬೀಗ ಒಂದೇ ಅಲ್ಲ. ರಂಗೋಲಿ ಇಲ್ಲದ ಅಂಗಳ, ಗೇಟಿಗೆ ಸಿಕ್ಕಿಸಿದ ನಾಲ್ಕು ದಿನದ ಪೇಪರ್, ಹಾಡುಹಗಲಲ್ಲೂ ಉರಿಯುವ ಜಗುಲಿ ದೀಪ, ಎಲ್ಲವೂ ಹೇಳುತ್ತವೆ. ನಾವು ಊರಿಗೆ ಹೋದರೆ ಮನೆಗೆಲಸದವಳು ಬೆಳಿಗ್ಗೆ ನೀರು ಹಾಕಿ ಎರಡು ಗೆರೆ ಎಳೆದು ಹೋಗುತ್ತಾಳೆ. ಪಕ್ಕದ ಮನೆಯವರು ಸಂಜೆ ದೀಪ ಹಾಕಿ ಬೆಳಿಗ್ಗೆ ಆರಿಸುತ್ತಾರೆ. ಬರುವಾಗ ಅವರಿಗೆ ಒಂದು ಡಬ್ಬಿ ಚಕ್ಕುಲಿ ತಂದರಾಯಿತು. ಠಾಣೆಗೂ ಹೋಗಿ ಹೇಳಿಡಿ. ವಾಟ್ಸಾಪ್ ಸ್ಟೇಟಸ್‌ಗೆ ರೈಲಿನ ಫೋಟೊ ಮಾತ್ರ ವಾಪಸ್ ಬಂದ ಮೇಲೆ ಹಾಕಿ, ಅಲ್ವಾ?

ಬೀರುವಿನ ಕೀ ಬೀರುವಿನ ಮೇಲೆ, ಒಡವೆ ಅಕ್ಕಿ ಡಬ್ಬಿಯಲ್ಲಿ. ಇದು ಕಳ್ಳನಿಗೂ ಗೊತ್ತು. ಒಡವೆ ಬ್ಯಾಂಕ್ ಲಾಕರ್‌ಗೆ ಹಾಕಿ, ಒಂದೊಂದರ ಫೋಟೊ, ತೂಕ, ರಸೀದಿ ಬೇರೆ ಕಡೆ ಇಡಿ. ಚಿನ್ನಕ್ಕೆ ಪಾಲಿಶ್ ಹಾಕಿಕೊಡುತ್ತೇವೆ ಅಂತ ಬರುವವರಿಗೆ ಗ್ರಿಲ್ ಬಾಗಿಲು ತೆಗೆಯಲೇಬೇಡಿ.

ಇನ್ನು ನಾವು ಒಳಗಿದ್ದಾಗಲೇ ಯಾರಾದರೂ ನುಗ್ಗಿದರೆ? ಖಾರದ ಪುಡಿ ಎರಚಿ ಅನ್ನುತ್ತಾರೆ. ಫ್ಯಾನ್ ತಿರುಗುತ್ತಿದ್ದರೆ ಅದು ನಮ್ಮ ಕಣ್ಣಿಗೇ ಬಂದು ಬೀಳುತ್ತದೆ. ಓಬವ್ವ ಒನಕೆ ಹಿಡಿದು ನಿಂತಳು ನಿಜ. ಆದರೆ ಹೈದರಾಲಿಯ ಸೈನಿಕರು ಆ ಕಿಂಡಿಯಲ್ಲಿ ಒಬ್ಬೊಬ್ಬರಾಗಿ ನುಸುಳಬೇಕಿತ್ತು. ಆಕೆಯ ಧೈರ್ಯದ ಜೊತೆ ಕಿಂಡಿಯೂ ಸೇರಿತ್ತು. ಅದಕ್ಕೇ ನಾನು ಹೇಳೋದು, ಒಂದು ಕೋಣೆಗೆ ಒಳಗಿನಿಂದ ಗಟ್ಟಿ ಬೋಲ್ಟ್ ಹಾಕಿಸಿ. ರಾತ್ರಿ ಫೋನ್, ಟಾರ್ಚ್, ಒಂದು ಸೀಟಿ ಅಲ್ಲೇ ಇರಲಿ. ಎಲ್ಲರೂ ಆ ಕೋಣೆ ಸೇರಿ, ಬೋಲ್ಟ್ ಹಾಕಿ 112ಕ್ಕೆ ಫೋನ್ ಮಾಡಿ. ವಿಳಾಸ ಮೊದಲು ಹೇಳಿ. ಮೊಮ್ಮಕ್ಕಳಿಗೂ ವಿಳಾಸ ಬಾಯಿಪಾಠ ಆಗಿರಲಿ. ಆಮೇಲೆ ಕಿಟಕಿಯಿಂದ ಸೀಟಿ ಊದಿ, ಪಕ್ಕದವರ ಹೆಸರು ಹಿಡಿದು ಕೂಗಿ. ಹೆಸರು ಕೇಳಿದರೆ ಜನ ಬೇಗ ಎದ್ದು ಬರುತ್ತಾರೆ.

ಕೈ ಎತ್ತಲೇಬೇಕಾದ ಹೊತ್ತು ಬಂದರೆ ಕಾನೂನು ಅಡ್ಡ ಬರುವುದಿಲ್ಲ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಸೆಕ್ಷನ್‌ವರೆಗೆ ಆತ್ಮರಕ್ಷಣೆಯ ಹಕ್ಕಿನ ವಿಚಾರವೇ ಇದೆ. ಆದರೆ ರಕ್ಷಣೆಗೆ ಎಷ್ಟು ಬೇಕೋ ಅಷ್ಟೇ. ಓಡುವವನನ್ನು ಹಿಡಿದು ಕಂಬಕ್ಕೆ ಕಟ್ಟಿ ಹೊಡೆದರೆ ಕೇಸು ನಿಮ್ಮ ಮೇಲೇ ಬೀಳುತ್ತದೆ. ಬೀದಿಯಲ್ಲಿ ಸರಕ್ಕೆ ಕೈ ಹಾಕಿದರೆ ಎಳೆದಾಡಬೇಡಿ, ಬಿಟ್ಟುಬಿಡಿ. ಬೈಕಿನ ಹಿಂದೆ ರಸ್ತೆಗೆ ಬಿದ್ದರೆ ಈ ವಯಸ್ಸಿನ ಮೂಳೆ ಕೂಡೋದು ಕಷ್ಟ.

ವಾಪಸ್ ಬಂದಾಗ ಬಾಗಿಲು ಮುರಿದಿದ್ದು ಕಂಡರೆ ಒಳಗೆ ಕಾಲಿಡಬೇಡಿ. ಕಳ್ಳ ಇನ್ನೂ ಅಲ್ಲೇ ಇರಬಹುದು. ಪಕ್ಕದ ಮನೆಯಲ್ಲಿ ಕೂತು ಪೊಲೀಸರಿಗೆ ಫೋನ್ ಮಾಡಿ, ಅವರು ಬರುವವರೆಗೆ ಏನನ್ನೂ ಮುಟ್ಟಬೇಡಿ. ಅವತ್ತು ನಮಗೆ ಇಷ್ಟು ಬುದ್ಧಿ ಇರಲಿಲ್ಲ. ಬೆರಳಚ್ಚಿನವರು ಬರುವ ಹೊತ್ತಿಗೆ ನಾನು ಕಸ ಗುಡಿಸಿ, ಬೀರುವನ್ನೂ ಒರೆಸಿ ಇಟ್ಟಿದ್ದೆ.