ಹಳೇ ಗಾಡಿ ಮೇಳದಲ್ಲಿ ರಿಂಗ್ ಹಾಕಿ ರೇಟು ಇಳಿಸಿದ್ದು: ನನ್ನ ಅನುಭವ

ಮೇಳಕ್ಕೆ ಬರುವ ಬಿಡಿಭಾಗದ ವ್ಯಾಪಾರಿಗಳು ರೇಟು ಇಳಿಸೋದೇ ಇಲ್ಲ, ಅಳತೆ ಸಾಮಾನು ಹಿಡಕೊಂಡು ಹೋದ್ರೆ ಸಿಟ್ಟಾಗಿ ಮಾಲು ಒಳಗಿಡ್ತಾರೆ ಅಂತ ಕಲಬುರಗಿಯ ನಮ್ಮ ಬಳಗದವರು ಬಹಳ ದಿನ ವಾದಿಸಿದ್ರು. ಈಗ ಅವರೇ ಮೇಳದ ಹಿಂದಿನ ದಿನ ಬಂದು ನನ್ನ ಫೀಲರ್ ಗೇಜ್ (ಸಂದು ಅಳೆಯುವ ತೆಳು ಎಲೆಗಳ ಸಾಮಾನು) ಕೇಳ್ತಾರೆ. ಯಮಹಾ ಆರ್‌ಎಕ್ಸ್ 100 ಬೈಕಿನ ಬ್ಲಾಕಿಗೆ, ಅಂದ್ರೆ ಪಿಸ್ಟನ್ ಓಡಾಡುವ ಸಿಲಿಂಡರಿಗೆ, ಎಂಟು ಸಾವಿರದ ಆಸುಪಾಸು ಹೇಳಿದ ಹೈದರಾಬಾದಿನ ವ್ಯಾಪಾರಿ ಐದೂವರೆಯೊಳಗೆ ಕೊಟ್ಟಿದ್ದಾನೆ, ನಗುತ್ತಲೇ ಕೊಟ್ಟಿದ್ದಾನೆ. ಬೇರೆ ಬೇರೆ ವ್ಯಾಪಾರಿಗಳ ಹತ್ತಿರ ಇದು ನಡೆದಿರೋದರಿಂದ ಬರೀತಿದ್ದೀನಿ.

ಮೊದಲು ಕೆಲಸಕ್ಕೆ ಬಾರದ ದಾರಿಗಳು. ಹೇಳಿದ್ದರ ಅರ್ಧಕ್ಕೆ ಕೇಳೋದು: ಮೇಳಕ್ಕೆ ಬರುವವನು ಅದನ್ನು ಲೆಕ್ಕ ಹಾಕಿಯೇ ಮೊದಲ ರೇಟು ಹೇಳಿರ್ತಾನೆ. ಫೋನಿನಲ್ಲಿ ಆನ್‌ಲೈನ್ ರೇಟು ತೋರಿಸೋದು: "ಹಂಗಾರ ಅಲ್ಲೇ ತರಸ್ರಿ" ಅಂತಾನೆ, ಮಾತು ಅಲ್ಲಿಗೇ ಮುಗೀತದೆ. ಎದ್ದು ಹೋಗುವ ಆಟ ನಡೆಯೋದು ಅದೇ ಮಾಲು ಎರಡು ಅಂಗಡಿಯಲ್ಲಿದ್ದಾಗ ಮಾತ್ರ. ಹಳೇ ಜಾವಾ ಬೈಕಿನ ಜಿಕೋವ್ ಕಾರ್ಬೊರೇಟರ್ ಇಡೀ ಮೈದಾನದಲ್ಲಿ ಒಂದೇ ಇದ್ದಾಗ ಎದ್ದು ಹೋದ್ರೆ ಬೆನ್ನ ಹಿಂದೆಯೇ ಅದು ಮಾರಿ ಹೋಗಿರ್ತದೆ. ನಾಲ್ಕು ಜನ ಗೆಳೆಯರು ಒಂದೇ ಮಾಲಿನ ಸುತ್ತ ಕೂತರಂತೂ ರೇಟು ಏರೋದೇ. "ಆಖ್ರಿ ಕಿತ್ನಾ ಭಾಯ್?" ಅಂತ ಶುರುವಿನಲ್ಲೇ ಕೇಳಿದ್ರೆ ಅವನು ಒಂದು ಅಂಕಿ ಹೇಳಿಬಿಡ್ತಾನೆ, ಆಮೇಲೆ ಮರ್ಯಾದೆಗಾಗಿ ಅದಕ್ಕೇ ಅಂಟಿಕೊಳ್ತಾನೆ. ಆ ಪ್ರಶ್ನೆ ಕಡೆಗೆ ಇಟ್ಟುಕೊಳ್ಳಿ.

ನನ್ನ ಪದ್ಧತಿ ಇಷ್ಟೇ. ರೇಟಿನ ಮೇಲೆ ಜಗ್ಗಾಟ ಇಲ್ಲ, ಸವಕಳಿಯ ಮೇಲೆ ಲೆಕ್ಕ. ಮಾಲು ಎಷ್ಟು ಸವೆದಿದೆ ಅಂತ ಅವನ ಕಣ್ಣೆದುರಿಗೆ ಅಳೆದು, ಅದನ್ನು ಸರಿಮಾಡಿಸುವ ಖರ್ಚನ್ನು ಚೀಟಿಯಲ್ಲಿ ಬರೆದು ಕಳೀಬೇಕು. ಚೀಲದಲ್ಲಿ ಇರೋದು ಫೀಲರ್ ಗೇಜ್, ವರ್ನಿಯರ್, ಸಣ್ಣ ಮ್ಯಾಗ್ನೆಟ್, ಮಲ್ಟಿಮೀಟರ್, ಅಂಗೈ ಅಗಲದ ದಪ್ಪ ಗಾಜಿನ ತುಂಡು, ಜೊತೆಗೆ ನಾನು ಹುಡುಕುತ್ತಿರುವ ಗಾಡಿಗಳ ಹೊಸ ಸ್ಟ್ಯಾಂಡರ್ಡ್ (ಕಂಪನಿಯ ಮೂಲ ಅಳತೆಯ) ಪಿಸ್ಟನ್ ರಿಂಗ್, ಅಂದ್ರೆ ಪಿಸ್ಟನ್ ಸುತ್ತ ಕೂರುವ, ಒಂದು ಕಡೆ ಸೀಳಿರುವ ಬಳೆ, ಒಂದೊಂದು. ಈ ರಿಂಗೇ ಮುಖ್ಯ.

ವರ್ನಿಯರಿನ ಒಳ ಅಳತೆಯ ಕೊಕ್ಕೆ ಬ್ಲಾಕಿನ ಬಾಯಿ ದಾಟಿ ಒಳಗೆ ಇಳಿಯೋದಿಲ್ಲ, ಬಾಯಿಯ ಹತ್ತಿರ ಸವಕಳಿಯೂ ಇರೋದಿಲ್ಲ. ಬೋರ್, ಅಂದ್ರೆ ಬ್ಲಾಕಿನ ಒಳ ವ್ಯಾಸ, ಅಳೆಯುವ ಬೋರ್ ಗೇಜ್ ತಂದ್ರೆ ವ್ಯಾಪಾರಿಗೆ ಅದು ಅರ್ಥವಾಗೋದಿಲ್ಲ, ಅರ್ಥವಾಗದ ಅಂಕಿಯನ್ನು ಯಾರೂ ಒಪ್ಪೋದಿಲ್ಲ. ರಿಂಗ್ ಹಾಗಲ್ಲ. ಹಳೇ ಪಿಸ್ಟನ್ ತಲೆಯಿಂದ ಅದನ್ನು ಸಮನಾಗಿ ಬ್ಲಾಕಿನ ಕೆಳತುದಿಗೆ, ಪಿಸ್ಟನ್ ರಿಂಗ್ ಎಂದೂ ಓಡಾಡದ ಜಾಗಕ್ಕೆ ತಳ್ಳಿ, ರಿಂಗಿನ ಎರಡು ತುದಿಗಳ ನಡುವಿನ ಸಂದನ್ನು ಫೀಲರಿನಿಂದ ನೋಡಿ. ಆಮೇಲೆ ಮೇಲಿನಿಂದ ಹತ್ತು ಹನ್ನೆರಡು ಮಿಮೀ ಕೆಳಗೆ, ಎಕ್ಸಾಸ್ಟ್ ಕಿಂಡಿಗಿಂತ ಮೇಲೆ ಇಟ್ಟು ಮತ್ತೆ ನೋಡಿ. ಎರಡರ ವ್ಯತ್ಯಾಸವನ್ನು 3.14ರಿಂದ ಭಾಗಿಸಿದ್ರೆ ಬೋರ್ ಎಷ್ಟು ಅಗಲವಾಗಿದೆ ಅಂತ ಸಿಗ್ತದೆ. ಕೆಳಗೆ 0.25, ಮೇಲೆ 0.65 ಬಂದ್ರೆ ವ್ಯತ್ಯಾಸ 0.40, ಅಂದ್ರೆ ಸವಕಳಿ ಸುಮಾರು 0.13 ಮಿಮೀ. ಆ ಬ್ಲಾಕಿಗೆ ಬೋರ್ ಹೊಡೆಸಲೇಬೇಕು, ಅಂದ್ರೆ ಒಳಗೆ ಕೊರೆಸಿ ಅಗಲ ಮಾಡಿ ದೊಡ್ಡ ಪಿಸ್ಟನ್ ಹಾಕಿಸಬೇಕು. ರಿಂಗ್ ಓರೆಯಾದ್ರೆ ಅಂಕಿ ಸುಳ್ಳು ಹೇಳ್ತದೆ, ಅದಕ್ಕೇ ಪಿಸ್ಟನ್ ತಲೆಯಿಂದ ತಳ್ಳೋದು. ಬ್ಲಾಕ್ ಒಳಗೆ ತುಕ್ಕಿನ ಪುಡಿ ಇದ್ದರೂ ಹೀಗೇ ಆಗ್ತದೆ, ಮೊದಲು ಬಟ್ಟೆಯಿಂದ ಒರೆಸಿ.

ಇದೇ ರಿಂಗ್ "ಸ್ಟ್ಯಾಂಡರ್ಡ್ ಅದ ಅಣ್ಣಾ, ಒಮ್ಮೆನೂ ಬೋರ್ ಆಗಿಲ್ಲ" ಅನ್ನೋ ಮಾತನ್ನೂ ಪರೀಕ್ಷೆ ಮಾಡ್ತದೆ. 0.25 ಓವರ್‌ಸೈಜ್ ಆಗಿದ್ರೆ, ಅಂದ್ರೆ ಹಿಂದೆಯೇ 0.25 ಮಿಮೀ ಅಗಲ ಮಾಡಿಸಿದ್ರೆ, ಕೆಳತುದಿಯಲ್ಲೇ ಸಂದು ಇರಬೇಕಾದ್ದಕ್ಕಿಂತ ಸುಮಾರು 0.8 ಮಿಮೀ ಹೆಚ್ಚು ಬರ್ತದೆ. 0.50ಕ್ಕೆ 1.6, 0.75ಕ್ಕೆ 2.4, 1.00ಕ್ಕೆ 3.1. ಬೋರ್ 50 ಮಿಮೀ ಇರುವ ಆರ್‌ಎಕ್ಸ್ 100ಕ್ಕೂ 65 ಮಿಮೀ ಇರುವ ಯೆಜ್ಡಿ 250ಕ್ಕೂ ಈ ಅಂಕಿಗಳು ಒಂದೇ, ರಿಂಗ್ ಮಾತ್ರ ಆಯಾ ಗಾಡಿಯದ್ದಿರಬೇಕು. 1.00ರ ಬ್ಲಾಕ್ ಅಂದ್ರೆ ಮುಂದೆ ಸ್ಲೀವ್ (ಒಳಗೆ ಕೂರಿಸುವ ಹೊಸ ಕೊಳವೆ) ಹಾಕಿಸದೆ ಗತಿಯಿಲ್ಲ. ಟೂ ಸ್ಟ್ರೋಕಿನಲ್ಲಿ ಸ್ಲೀವಿನ ಕಿಂಡಿಗಳು ಹಳೇ ಕಿಂಡಿಗಳಿಗೆ ಸರಿಯಾಗಿ ಕೂರಬೇಕು, ಆ ಕೆಲಸ ಗೊತ್ತಿರುವ ಲೇತಿನವರು ನಮ್ಮ ಕಡೆ ಕಡಿಮೆ. ಅಂಥ ಬ್ಲಾಕಿಗೆ ನಾನು ಗುಜರಿ ರೇಟಿಗಿಂತ ಸ್ವಲ್ಪ ಮೇಲೆ ಮಾತ್ರ ಹೋಗ್ತೀನಿ.

ಚೀಟಿ ಬರೆಯೋದು ಹೀಗೆ. ಒಳ್ಳೆಯ ಸ್ಟ್ಯಾಂಡರ್ಡ್ ಬ್ಲಾಕಿಗೆ ಅವನು ಹೇಳಿದ ರೇಟನ್ನೇ ಮೇಲೆ ಬರೀತೀನಿ: 8,000. ಅದರ ಕೆಳಗೆ ಬೋರಿಂಗ್ ಮತ್ತು ಹೋನಿಂಗ್ (ಕೊರೆದ ಮೇಲೆ ಒಳಗೆ ಉಜ್ಜೋದು) 600, ಒಳ್ಳೆ ಪಿಸ್ಟನ್ ಸೆಟ್ 1,800ರ ಸುಮಾರು, ಗ್ಯಾಸ್ಕೆಟ್ ಇನ್ನೂರು. ಉಳಿಯೋದು 5,400. ಇವು ಕಲಬುರಗಿಯಲ್ಲಿ ನಾನು ಕೊಟ್ಟ ರೇಟುಗಳು, ನೆನಪಿನ ಮೇಲೆ ಬರೆದದ್ದು, ನಿಮ್ಮೂರಲ್ಲಿ ನೂರಿನ್ನೂರು ಆಚೀಚೆ ಆಗ್ತದೆ. ಅವನ ರೇಟನ್ನು ನಾನು ಎಲ್ಲೂ ತಪ್ಪು ಅನ್ನೋದಿಲ್ಲ ಅನ್ನೋದನ್ನು ಗಮನಿಸಿ. ಎಂಟು ಸಾವಿರ ಸರಿಯೇ, ಆದರೆ ಅದು ಸವೆಯದ ಬ್ಲಾಕಿನ ರೇಟು. ಗೆಳೆಯರು ಹೆದರಿದ್ದ ಸಿಟ್ಟು ಬರೋದು "ಮಾಲು ಚಲೋ ಇಲ್ಲ" ಅಂದಾಗ. "ಅಣ್ಣಾ, ಒಂದು ರಿಂಗ್ ಇಳಿಸಿ ನೋಡ್ಲೇನ್ರಿ?" ಅಂತ ಕೇಳಿ, ಫೀಲರಿನ ಎಲೆಯನ್ನು ಅವನ ಕೈಯಿಂದಲೇ ಸಂದಿನಲ್ಲಿ ಹಾಕಿಸಿದ್ರೆ ಅವನಿಗೇ ಕುತೂಹಲ ಹುಟ್ಟುತ್ತದೆ. ತನ್ನ ಕೈಯಾರೆ ಅಳೆದದ್ದನ್ನು ಆಮೇಲೆ ಅಲ್ಲಗಳೆಯೋದು ಕಷ್ಟ. "ನಕ್ಕೋ ಭಾಯ್" (ಬೇಡಪ್ಪಾ) ಅಂದ್ರೂ ಚೀಟಿ ಅಲ್ಲೇ ಬಿಟ್ಟು ಬನ್ನಿ, ಮೇಲೆ ನಿಮ್ಮ ನಂಬರ್ ಇರಲಿ. ಚೀಟಿ ನೋಡಿ ಎರಡು ವಾರದ ನಂತರ ಫೋನ್ ಬಂದದ್ದೂ ಇದೆ.

ಬೇರೆ ಮಾಲಿಗೂ ಲೆಕ್ಕ ಇದೇ. ಯೆಜ್ಡಿ ಸೈಲೆನ್ಸರಿನಲ್ಲಿ ಕ್ರೋಮ್ ಕೆಳಗೆ ಗುಳಿ ಬಿದ್ದಿದ್ರೆ ತಿಕ್ಕಿ ಮತ್ತೆ ಕ್ರೋಮ್ ಮಾಡಿಸಲು ಒಂದಕ್ಕೆ ಸಾವಿರದ ಐನೂರರ ಹತ್ತಿರ ಬೀಳ್ತದೆ, ಎರಡು ಸೈಲೆನ್ಸರ್ ಇರೋದರಿಂದ ಕಳೆಯುವಾಗಲೂ ಎರಡರಷ್ಟು ಕಳೀಬೇಕು. ಕ್ರ್ಯಾಂಕ್ (ಎಂಜಿನ್ನಿನ ತಿರುಗುವ ಅಚ್ಚು) ನೋಡುವಾಗ ಅದನ್ನು ಪಿಸ್ಟನ್ನಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಪಕ್ಕಕ್ಕೆ ಸ್ವಲ್ಪ ಆಡೋದು ಸಹಜ, ಅದನ್ನು ತೋರಿಸಿ ರೇಟು ಕೇಳಿದ್ರೆ ವ್ಯಾಪಾರಿ ನಿಮ್ಮನ್ನು ಹೊಸಬ ಅಂತ ತಿಳಿದುಬಿಡ್ತಾನೆ. ರಾಡನ್ನು ಹಿಡಿದು ಮೇಲಕ್ಕೆ ಕೆಳಕ್ಕೆ ಎಳೆದಾಗ ಟಕ್ ಅಂದ್ರೆ ಮಾತ್ರ ರಾಡ್ ಕಿಟ್, ಪ್ರೆಸ್ಸಿಂಗ್, ಅಲೈನ್‌ಮೆಂಟ್ ಸೇರಿ ಎರಡು ಸಾವಿರ ಕಳೆಯಿರಿ. ಕಾರ್ಬೊರೇಟರಿನ ಫ್ಲಾಂಜನ್ನು (ಬೋಲ್ಟ್ ಹಾಕಿ ಕೂರಿಸುವ ಚಪ್ಪಟೆ ಮುಖ) ಗಾಜಿನ ಮೇಲೆ ಇಟ್ಟು ಅಲುಗಾಡಿಸಿ, ಬಾಗಿದ್ರೆ ಬೆಳಕು ಕಾಣ್ತದೆ. ಬೋಲ್ಟ್ ಅತಿಯಾಗಿ ಬಿಗಿದವರ ಕೆಲಸ ಅದು, ಅಲ್ಲಿಂದ ಗಾಳಿ ಎಳೆದು, ಆಕ್ಸಿಲರೇಟರ್ ಬಿಟ್ಟಾಗ ಎಂಜಿನ್ ಸ್ಲೋದಲ್ಲಿ ಓಡ್ತಾ ಇರೋದಿಲ್ಲ. ಟ್ಯಾಂಕಿನ ಮೇಲೆ ಮ್ಯಾಗ್ನೆಟ್ ಸರಿಸಿದಾಗ ಎಲ್ಲಿ ಹಿಡಿತ ಸಡಿಲಾಗ್ತದೋ ಅಲ್ಲಿ ಪುಟ್ಟಿ ಇದೆ.

ಇಗ್ನಿಷನ್ ಕಾಯಿಲ್ ಬಗ್ಗೆ ಒಂದು ಪ್ರಯೋಗ ಮಾಡಿದ್ದೀನಿ. ತಣ್ಣಗಿದ್ದಾಗ ಮಲ್ಟಿಮೀಟರ್ ಸರಿ ತೋರಿಸಿದ ಕಾಯಿಲ್ ಗಾಡಿ ಕಾದ ಮೇಲೆ ಕೈ ಕೊಡ್ತದಲ್ಲ, ಅದನ್ನು ಅಂಗಡಿಯಲ್ಲೇ ಹಿಡಿಯಬಹುದೇ ಅಂತ ನಮ್ಮ ಮೇ ತಿಂಗಳ ಬಿಸಿಲಿನಲ್ಲಿ ತಗಡಿನ ಮೇಲೆ ಕಾಯಿಲ್‌ಗಳನ್ನು ಇಟ್ಟು ಅಳೆದೆ. ತಾಮ್ರದ ತಂತಿಯ ರೋಧ ಒಂದು ಡಿಗ್ರಿಗೆ ಶೇ. 0.4ರಷ್ಟು ಏರ್ತದೆ, 25ರಿಂದ 60 ಡಿಗ್ರಿಗೆ ಹೋದ್ರೆ ಶೇ. 14. ಒಳ್ಳೆ ಕಾಯಿಲ್, ಕೆಟ್ಟ ಕಾಯಿಲ್ ಎರಡೂ ಹೆಚ್ಚುಕಡಿಮೆ ಅಷ್ಟೇ ಏರಿದವು. ಒಳಗಿನ ಇನ್ಸುಲೇಷನ್ ಒಡೆಯೋದು ಸಾವಿರಾರು ವೋಲ್ಟ್ ಹರಿದಾಗ, ಮೀಟರಿನ ಸಣ್ಣ ಬ್ಯಾಟರಿಗೆ ಅದು ಸಿಗೋದಿಲ್ಲ. ತಂತಿ ಪೂರ್ತಿ ಕಡಿದಿದ್ರೆ ಮೀಟರ್ ಹೇಳ್ತದೆ. ಹೀಗಾಗಿ ಹಳೇ ಕಾಯಿಲಿಗೆ ನಾನು ಚೌಕಾಸಿಯೇ ಮಾಡೋದಿಲ್ಲ, ಕೊಳ್ಳೋದೂ ಇಲ್ಲ.

ಯಾವ ದಿನ ಯಾವ ಮಾಲು ಅನ್ನೋದರಲ್ಲೂ ರೊಕ್ಕ ಇದೆ. ಜುಲೈ ಎರಡನೇ ಭಾನುವಾರದ ಜಾವಾ-ಯೆಜ್ಡಿ ದಿನಕ್ಕೆ ಬಂದವರೆಲ್ಲ ಮೈಸೂರಿನಲ್ಲಿ ತಯಾರಾದ ಈ ಗಾಡಿಗಳವರೇ ಆಗಿರೋದರಿಂದ ಅವತ್ತು ಜಾವಾ ಮಾಲು ತುಟ್ಟಿ. 2018ರಲ್ಲಿ ಜಾವಾ ಹೆಸರು, 2022ರಲ್ಲಿ ಯೆಜ್ಡಿ ಹೆಸರು ಹೊಸ ಗಾಡಿಗಳ ಮೇಲೆ ಮರಳಿ ಬಂದ ಮೇಲಂತೂ ಮೈಸೂರಿನ ಕಾರ್ಖಾನೆ ಮುಚ್ಚಿದ 1996ಕ್ಕಿಂತ ಹಿಂದಿನ ಸಾಮಾನಿನ ರೇಟು ಕೇಳೋ ಹಾಗಿಲ್ಲ. ಅವತ್ತು ಯಮಹಾ ಸಾಮಾನು ಮೂಲೆಯಲ್ಲಿ ಬಿದ್ದಿರ್ತದೆ, ಆರ್‌ಎಕ್ಸ್‌ನವರು ಹೋಗಬೇಕಾದ ದಿನ ಅದು. ಯೆಜ್ಡಿಯವರು ಹಳೇ ಕಾರುಗಳ ಪ್ರದರ್ಶನಕ್ಕೆ ಹೋಗಿ ಅಲ್ಲಿ ಕೊಳ್ಳಿ.

ಸಂಜೆವರೆಗೆ ಕಾಯಿರಿ ಅನ್ನೋದು ಅರ್ಧ ಮಾತ್ರ ನಿಜ. ಬ್ಲಾಕ್, ಸೈಲೆನ್ಸರ್, ಫೋರ್ಕ್‌ನಂಥ ಭಾರದ ಮಾಲನ್ನು ಹೈದರಾಬಾದಿಗೋ ಸೋಲಾಪುರಕ್ಕೋ ಹೊತ್ತು ವಾಪಸ್ ಹೋಗೋದು ಅವನಿಗೆ ಹೊರೆ, ಗಂಟು ಕಟ್ಟುವ ಹೊತ್ತಿಗೆ ಇವು ಸೋವಿ ಆಗ್ತವೆ. ಬ್ಯಾಡ್ಜ್, ಟ್ಯಾಂಕಿನ ಮೊನೊಗ್ರಾಂ, ಹ್ಯಾಂಡಲ್ ಲಾಕ್ ಜೇಬಿನಲ್ಲಿ ಹೋಗುವ ಮಾಲು, ಕೊರಿಯರಿನಲ್ಲೂ ಮಾರಿ ಹೋಗ್ತವೆ. ಅವನ್ನು ಬೆಳಿಗ್ಗೆ ಬೋಣಿಗೆ ಹೊತ್ತಿನಲ್ಲೇ, ಹೇಳಿದ ರೇಟಿಗೆ ಐವತ್ತು ನೂರು ಕಡಿಮೆ ಕೊಟ್ಟು ತಗೊಳ್ಳಿ. ಬೋಣಿಗೆ ಮಾಡಿದವನ ಮುಖ ಸಂಜೆ ತನಕ ನೆನಪಿರ್ತದೆ, ಭಾರದ ಮಾಲಿನ ಚೀಟಿ ಆವಾಗ ಬೇಗ ಒಪ್ಪಿಗೆ ಆಗ್ತದೆ.

ಐದಾರು ಮಾಲು ಒಟ್ಟು ಹಾಕಿ ಒಂದೇ ರೇಟು ಕೇಳಿ, ಆಮೇಲೆ ಒಂದೊಂದೇ ತೆಗೆಯುತ್ತ ಹೋದ್ರೆ ಅವನ ಮನಸ್ಸಿನಲ್ಲಿ ಯಾವುದಕ್ಕೆ ಎಷ್ಟು ಅಂತ ತಿಳೀತದೆ. ಯಾವುದನ್ನು ಮೊದಲು ತೆಗೀಬೇಕು ಅನ್ನೋದನ್ನು ಇಲ್ಲಿ ಬರೆಯೋದಿಲ್ಲ, ಇದನ್ನು ಓದುವವರಲ್ಲಿ ವ್ಯಾಪಾರಿಗಳೂ ಇದ್ದಾರೆ. ರೊಕ್ಕ ನೋಟಿನಲ್ಲಿ ಇರಲಿ, ಜನ ಸೇರಿದ ಮೈದಾನದಲ್ಲಿ ಫೋನ್‌ಪೇ ಸುತ್ತುತ್ತಲೇ ಇರ್ತದೆ. ಚೀಟಿಯ ಮೊತ್ತವನ್ನು ಎಣಿಸಿ ಬೇರೆ ಜೇಬಿನಲ್ಲಿಟ್ಟಿರಿ, ದಪ್ಪ ಪಾಕೀಟು ತೆಗೆದ್ರೆ ಚೀಟಿಗೆ ಬೆಲೆ ಇಲ್ಲ.

ಎಂಜಿನ್ ನಂಬರ್ ಇರುವ ಕೆಳಗಿನ ಕವಚ, ಅಂದ್ರೆ ಕ್ರ್ಯಾಂಕ್‌ಕೇಸ್ ವಿಷಯದಲ್ಲಿ ಮಾತ್ರ ಯಾವ ಲೆಕ್ಕವೂ ಬೇಡ. ಎಂಜಿನ್ ನಂಬರ್ ಉಜ್ಜಿದ್ದು, ಮತ್ತೆ ಹೊಡೆದದ್ದು ಕಂಡ್ರೆ ಪುಕ್ಕಟೆ ಕೊಟ್ರೂ ಮುಟ್ಟಬೇಡಿ, ಅದು ಕಳವಿನ ಗಾಡಿಯದ್ದಾಗಿರಬಹುದು. ನಂಬರ್ ಸರಿ ಇದ್ರೆ ಹಳೇ ಆರ್‌ಸಿಯ ನಕಲು ಕೇಳಿ, ಬಿಲ್ಲಿನಲ್ಲಿ ಆ ನಂಬರ್ ಬರೆಸಿ. ನಾಳೆ ನಮ್ಮ ಕಲಬುರಗಿಯ ಕೆಎ-32 ನಂಬರಿನ ಗಾಡಿಯ ಆರ್‌ಸಿಯಲ್ಲಿ ಎಂಜಿನ್ ಬದಲಾವಣೆ ಬರೆಸಲು ಆರ್‌ಟಿಒ ಕಚೇರಿಗೆ ಹೋದಾಗ ಈ ಕಾಗದವೇ ಬೇಕಾಗ್ತದೆ. ಬಿಲ್ ಕೊಡಲ್ಲ ಅನ್ನೋ ವ್ಯಾಪಾರಿಯ ಹತ್ತಿರ ಬ್ಲಾಕ್ ಕೊಳ್ಳಿ, ಕೇಸ್ ಕೊಳ್ಳಬೇಡಿ.