ಅರಲ್ ಸಮುದ್ರಕ್ಕೆ ಕನ್ನಡದ ದನಿ: ನನ್ನ ಅನುಭವ

"ಹೊರದೇಶದ ಡಾಕ್ಯುಮೆಂಟರಿನ ಕನ್ನಡದಲ್ಲಿ ಯಾರ್ರೀ ನೋಡ್ತಾರೆ?" ನಾಲ್ಕು ವರ್ಷ ಈ ಮಾತು ಕೇಳಿಕೊಂಡೇ ಬಂದೆ. ಹೋದ ತಿಂಗಳು ನಾವು ಕನ್ನಡಕ್ಕೆ ತಂದ 52 ನಿಮಿಷದ ಚಿತ್ರ ಟಿವಿಯಲ್ಲಿ ಬಂತು. ವಾರದೊಳಗೆ ಚಾನೆಲ್‌ನವರೇ ಇನ್ನೊಮ್ಮೆ ಹಾಕಿದರು. ಆ ಧೈರ್ಯದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಚಿತ್ರ ಮಧ್ಯ ಏಷ್ಯಾದಲ್ಲಿ ಕಝಾಕಿಸ್ತಾನ, ಉಜ್ಬೆಕಿಸ್ತಾನಗಳ ನಡುವೆ ಇರುವ ಅರಲ್ ಸಮುದ್ರದ್ದು. ಹೆಸರು ಸಮುದ್ರ, ಆದರೆ ಅದು ಸರೋವರ. 1960ರ ದಶಕದಿಂದ ಹತ್ತಿ ಬೆಳೆಗೆ ಅಂತ ಅಮು ದರಿಯಾ, ಸಿರ್ ದರಿಯಾ ನದಿಗಳನ್ನು ಕಾಲುವೆಗೆ ತಿರುಗಿಸಿ, ಆಗ ಜಗತ್ತಿನ ನಾಲ್ಕನೇ ದೊಡ್ಡದಾಗಿದ್ದ ಸರೋವರವನ್ನೇ ಬಹುಪಾಲು ಒಣಗಿಸಿದ ಕಥೆ.

ಡಬ್ಬಿಂಗ್ ಅಂದ್ರೆ ನಮ್ಮಲ್ಲಿ ಏನಾಗುತ್ತಿತ್ತು ಅಂತ ನಿಮಗೆ ಗೊತ್ತೇ ಇದೆ. ಚಿತ್ರರಂಗದವರೇ ವಿರೋಧಿಸುತ್ತಿದ್ದರು. 2012ರಲ್ಲಿ ಆಮಿರ್ ಖಾನ್ ಅವರ ಟಿವಿ ಕಾರ್ಯಕ್ರಮ 'ಸತ್ಯಮೇವ ಜಯತೆ'ಯೇ ಕನ್ನಡದಲ್ಲಿ ಟಿವಿಗೆ ಬರಲಿಲ್ಲ. 2015ರಲ್ಲಿ ಡಬ್ಬಿಂಗ್ ತಡೆಯುವುದು ತಪ್ಪು ಅಂತ ಭಾರತೀಯ ಸ್ಪರ್ಧಾ ಆಯೋಗದ ಆದೇಶ ಬಂದ ಮೇಲೆ ಸಿನಿಮಾಗಳಿಗೆ ದಾರಿಯಾಯಿತು. ಡಾಕ್ಯುಮೆಂಟರಿ ಕಡೆ ತಿರುಗಿ ನೋಡಿದವರು ಕಡಿಮೆ.

ಮೊದಲ ಸಲ ನಾನು ಪೂರ್ತಿ ಸೋತೆ. ಇಂಗ್ಲಿಷ್ ಸ್ಕ್ರಿಪ್ಟ್ ಇಟ್ಟುಕೊಂಡು ಸಾಲಿಗೆ ಸಾಲು ಬರೆದೆ. ಗಂಟೆಗೆ ಆರೇಳು ನೂರು ಬಾಡಿಗೆಯ ಸ್ಟುಡಿಯೋದಲ್ಲಿ ಹನ್ನೆರಡು ದಿನ. ಎಲ್ಲ ಸೇರಿ ಸುಮಾರು 85 ಸಾವಿರ ಹೋಯಿತು. ಚಾನೆಲ್‌ನವರು ಹತ್ತು ನಿಮಿಷ ನೋಡಿ ವಾಪಸ್ ಕಳಿಸಿದರು.

ತಪ್ಪು ಎಲ್ಲಿ ಅಂತ ಆಮೇಲೆ ಗೊತ್ತಾಯಿತು. "ಒಂದು ಕಾಲದಲ್ಲಿ ಸಮುದ್ರವಿದ್ದ ಜಾಗದ ಮರಳಿನಲ್ಲಿ ತುಕ್ಕು ಹಿಡಿದ ಹಡಗುಗಳು ಬಿದ್ದಿವೆ" ಅಂತ ಬರೆದಿದ್ದೆ. ಕನ್ನಡದಲ್ಲಿ ತಪ್ಪಿಲ್ಲ. ಆದರೆ 'ಹಡಗು' ಅನ್ನುವ ಮಾತು ಬರುವ ಹೊತ್ತಿಗೆ ಪರದೆ ಮೇಲೆ ಒಂಟೆ ನಿಂತಿರುತ್ತಿತ್ತು! ಈಗಿನದು ಹೀಗಿದೆ: "ಹಡಗು. ಸುತ್ತ ಮರಳು. ಇಲ್ಲಿ ನೀರಿತ್ತು." ಸ್ಕ್ರಿಪ್ಟ್ ಮುಚ್ಚಿಟ್ಟು, ಸೌಂಡ್ ಆಫ್ ಮಾಡಿ, ಚಿತ್ರ ನೋಡಿಕೊಂಡೇ ಬರೆದೆ. ಮಾಹಿತಿಯನ್ನು ಆಮೇಲೆ ತುಂಬಿದೆ. ಮಾತು ಮೂರನೇ ಒಂದು ಭಾಗ ಕಡಿಮೆಯಾಯಿತು.

ಇನ್ನೊಂದು ಪೆಟ್ಟು ಬಿದ್ದಿದ್ದು ಪದಗಳಲ್ಲಿ. 'ಲವಣಯುಕ್ತ ಮಣ್ಣು' ಅಂತ ಬರೆದಿದ್ದೆ. ಗಂಗಾವತಿ ಕಡೆಯ ಪರಿಚಯದ ರೈತರೊಬ್ಬರಿಗೆ ತೋರಿಸಿದೆ. ತುಂಗಭದ್ರಾ ಕಾಲುವೆ ನೀರು ಹೊಲದಲ್ಲೇ ನಿಂತು ಅವರ ಎರಡು ಎಕರೆ ಹಾಳಾಗಿದೆ. ಪರದೆ ಮೇಲಿನ ಬಿಳಿ ನೆಲ ನೋಡಿದವರೇ, "ಇದು ಸವಳು ಅಲ್ಲೇನ್ರೀ? ನಮ್ಮ ಹೊಲಾನೂ ಹಿಂಗ ಐತಿ" ಅಂದರು. ಅವತ್ತೇ ಇಡೀ ಸ್ಕ್ರಿಪ್ಟಿನಲ್ಲಿ 'ಸವಳು' ಹಾಕಿದೆ. ಕೊನೆಗೆ ಉಜ್ಬೆಕ್ ರೈತನ ದನಿಯನ್ನೂ ಅವರಿಂದಲೇ ಹೇಳಿಸಿದೆ. ನಟರಲ್ಲ, ಆದರೂ ಮೂರೇ ಟೇಕ್.

ಅದೇ ಹುರುಪಿನಲ್ಲಿ ಕಝಾಕ್ ಮೀನುಗಾರರಿಗೆ ಕುಂದಾಪುರ ಕನ್ನಡ ಕೊಟ್ಟು ನೋಡಿದೆ. ಬಲೆ ಎಳೆಯುವ ದೃಶ್ಯದಲ್ಲಿ ಬಹಳ ಚೆನ್ನಾಗಿ ಕೂತಿತು. ಆದರೆ ಕಲಬುರಗಿಯ ಗೆಳೆಯರಿಗೆ ಅರ್ಧ ಅರ್ಥವಾಗಲಿಲ್ಲ. ಎಂಟು ಸಾವಿರ ಖರ್ಚಾಗಿದ್ದರೂ ಬಿಟ್ಟೆ. 2005ರ ಕೊಕರಾಲ್ ಅಣೆಕಟ್ಟೆಯಿಂದ ಉತ್ತರ ಅರಲ್‌ಗೆ ನೀರೂ ಮೀನೂ ಮರಳಿ ಬರುವ ಭಾಗದಲ್ಲಿ ಮಾತ್ರ ಒಂದು ಸಾಲು ಉಳಿಸಿಕೊಂಡಿದ್ದೇನೆ. ನನಗೆ ತುಂಬಾ ಇಷ್ಟದ ಸಾಲು ಅದು.

ಎರಡನೇ ಸಲ ಸ್ಟುಡಿಯೋ ಬೇಡ ಅಂದೆ. ಮನೆಯ ಬೀರು ಕೋಣೆಗೆ ಹಾಸಿಗೆ ಒರಗಿಸಿ ರೆಕಾರ್ಡ್ ಮಾಡಿದೆ. ಒಟ್ಟು ಇಪ್ಪತ್ತೆರಡು ಸಾವಿರದ ಆಸುಪಾಸು. ಸಂದರ್ಶನಗಳಲ್ಲಿ ಮೂಲದ ದನಿ ಎರಡು ಸೆಕೆಂಡ್ ಪೂರ್ತಿ ಕೇಳಿಸಬೇಕು, ಆಮೇಲೆ ಕೆಳಗಿಳಿಸಬೇಕು. ಎಷ್ಟು ಇಳಿಸಿದೆ, ಉಸಿರನ್ನು ಎಲ್ಲಿ ಬಿಟ್ಟೆ ಅನ್ನೋದು ನನ್ನ ಹತ್ತಿರವೇ ಇರಲಿ. ಅದೇ ನನ್ನ ಅನ್ನ.

ಒಂದು ಮಾತ್ರ ಹೇಳಿಬಿಡ್ತೀನಿ. ಸಂಗೀತ ಮತ್ತು ಹಿನ್ನೆಲೆ ಶಬ್ದದ ಟ್ರ್ಯಾಕ್ ಮಾತಿನಿಂದ ಬೇರೆಯಾಗಿ ಕೈಗೆ ಬರುವವರೆಗೂ ಒಪ್ಪಂದಕ್ಕೆ ಸಹಿ ಹಾಕಬೇಡಿ. ಮೊದಲ ಸಲ ಅದಿಲ್ಲದೆ ಗಾಳಿಯ ಸದ್ದನ್ನೆಲ್ಲ ಮೈಸೂರಿನ ನಮ್ಮ ಮನೆ ತಾರಸಿ ಮೇಲೆ ಹೊಸದಾಗಿ ರೆಕಾರ್ಡ್ ಮಾಡಿದ್ದೆ. ಅದರಲ್ಲಿ ಕಾಗೆ ಕೂಗು ಸೇರಿಕೊಂಡಿತ್ತು.